ನೆಟ್ಟದ್ದು ಅರ್ಧ, ತಾನಾಗಿ ಬಂದದ್ದು ಅರ್ಧ: ಬೇಸಿಗೆಯ ಹಿತ್ತಲಿನಲ್ಲಿ ಒಂದು ಬೆಳಗು

ನಮಸ್ಕಾರ. ಈಗ ಬೆಳಗಿನ ಆರೂವರೆ ಗಂಟೆ, ಮೇ ತಿಂಗಳ ಮೊದಲ ವಾರ. ನೀವು ನೋಡುತ್ತಿರುವುದು ಶಿರಸಿ ತಾಲ್ಲೂಕಿನ ನಮ್ಮ ಮನೆಯ ಹಿತ್ತಲು. ಎದುರಿಗೆ ಬಚ್ಚಲುಮನೆಯ ಗೋಡೆ, ಅದರಾಚೆ ತರಕಾರಿಯ ಮಡಿಗಳು, ಮಡಿಗಳಾಚೆ ಹಳೆಯದೊಂದು ಬೇಲಿ, ಬೇಲಿಯಿಂದ ಮೇಲಕ್ಕೆ ಏರುತ್ತಾ ಹೋಗುವ ಸೊಪ್ಪಿನ ಬೆಟ್ಟ. ನಾನು ಹುಟ್ಟಿ ಬೆಳೆದದ್ದು ಬಯಲುಸೀಮೆಯ ಪಟ್ಟಣದಲ್ಲಿ. ಬೇಸಿಗೆಯೆಂದರೆ ಗಿಡಗಳೆಲ್ಲ ಒಣಗಿ ಮಳೆಗಾಗಿ ಕಾಯುವ ಕಾಲ ಎಂದೇ ತಿಳಿದಿದ್ದ ನನಗೆ, ವರ್ಷದಲ್ಲಿ ಅತಿ ಹೆಚ್ಚು ಬಗೆಯ ಸೊಪ್ಪು, ಹಣ್ಣು, ಹೂಗಳು ಅಡುಗೆಮನೆಗೆ ಬರುವುದು ಇದೇ ಉರಿಬಿಸಿಲಿನಲ್ಲಿ ಎಂಬುದನ್ನು ಈ ಮನೆಗೆ ಸೊಸೆಯಾಗಿ ಬಂದ ಮೇಲೆ ಅತ್ತೆ ಕಲಿಸಿದರು.

ಮೊದಲು ನಾವು ನೆಟ್ಟದ್ದನ್ನು ನೋಡೋಣ. ಇದು ಬಸಳೆ ಚಪ್ಪರ. ಪಕ್ಕದಲ್ಲಿ ಕೆಂಪು ಹರಿವೆ, ನಾಲ್ಕು ಸಾಲು ಬದನೆ, ಬೇಲಿಗೆ ಹಬ್ಬಿಸಿದ ತೊಂಡೆ. ಪ್ರತಿ ಗಿಡದ ಬುಡಕ್ಕೂ ದಪ್ಪನಾಗಿ ಮುಚ್ಚಿರುವ ಒಣ ಎಲೆಗಳನ್ನು ಗಮನಿಸಿ. ಅದನ್ನು ನಮ್ಮ ಕಡೆ ದರಕು ಎನ್ನುತ್ತೇವೆ. ಮಾಗಿಯಲ್ಲಿ ಬೆಟ್ಟದಿಂದ ಗುಡಿಸಿ ತಂದ ಈ ದರಕು ಬಿಸಿಲು ನೇರವಾಗಿ ಮಣ್ಣಿಗೆ ಬೀಳದಂತೆ ತಡೆಯುವುದರಿಂದ ದಿನವೂ ನೀರು ಹೊರುವ ಕೆಲಸ ತಪ್ಪುತ್ತದೆ. ಮಾಡಿನ ಅಡ್ಡೆಗೆ ಬಾಳೆನಾರಿನಿಂದ ಕಟ್ಟಿ ತೂಗುಹಾಕಿರುವ ಮೊಗೆಕಾಯಿಗಳು ಗದ್ದೆಯವು. ಒಂದಕ್ಕೊಂದು ತಾಗದಂತೆ, ಗಾಳಿಯಾಡುವಂತೆ ಕಟ್ಟಿಟ್ಟರೆ ಮಳೆಗಾಲದಲ್ಲಿಯೂ ಸಾರು, ಹುಳಿಗೆ ಕೊರತೆಯಾಗುವುದಿಲ್ಲ.

ಇನ್ನು ಯಾರೂ ನೆಡದೆ ಬಂದವುಗಳ ಕಡೆಗೆ ಹೋಗೋಣ. ಬಚ್ಚಲ ನೀರು ಹರಿದು ಹೋಗುವ ಈ ಕಿರುಗಾಲುವೆಯ ಎರಡೂ ದಂಡೆಗಳಲ್ಲಿ ಪುಟ್ಟ ಕೊಡೆಗಳಂತೆ ಹರಡಿರುವುದು ಒಂದೆಲಗ. ಕರಾವಳಿಯವರು ತಿಮರೆ ಎನ್ನುವುದೂ ಇದನ್ನೇ. ಬಂದ ಹೊಸತರಲ್ಲಿ, ಹಿತ್ತಲನ್ನು ಚೊಕ್ಕವಾಗಿಡಬೇಕೆಂಬ ಉತ್ಸಾಹದಿಂದ ನಾನು ಒಂದು ಮಧ್ಯಾಹ್ನ ಇದನ್ನೆಲ್ಲ ಕಳೆಯೆಂದು ಕಿತ್ತು ರಾಶಿ ಹಾಕಿದ್ದೆ. ಅತ್ತೆ ಬೈಯಲಿಲ್ಲ. ರಾಶಿಯಿಂದ ಗಿಣ್ಣಿರುವ ಬಳ್ಳಿಗಳನ್ನು ಆರಿಸಿ, ಒದ್ದೆ ಮಣ್ಣಿಗೆ ಮತ್ತೆ ಒತ್ತಿ, “ಬೇರು ಕೀಳಡ ತಂಗೀ, ಎಲೆ ಅಷ್ಟೇ ಚೂಟು” ಎಂದರು. ಪ್ರತಿ ಗಿಣ್ಣಿನಲ್ಲಿಯೂ ಬೇರು ಬಿಡುವ ಸಸ್ಯವಾದ್ದರಿಂದ ಎರಡು ವಾರದಲ್ಲಿ ಅದು ಚೇತರಿಸಿಕೊಂಡಿತು. ಆ ಮಾತು ಮಾತ್ರ ನನ್ನಲ್ಲಿ ಉಳಿದುಬಿಟ್ಟಿದೆ. ಇಂದಿಗೂ ಯಾವ ಗಿಡದ ಮುಂದೆ ಬಗ್ಗಿದರೂ ಕೈ ಮೊದಲು ತುದಿಯನ್ನು ಹುಡುಕುತ್ತದೆ.

ತುದಿಯೆಂದರೆ ಕುಡಿ, ಕುಡಿಯೆಂದರೆ ನಮ್ಮ ಮನೆಯಲ್ಲಿ ತಂಬುಳಿ. ಬೆಟ್ಟದ ಮರಗಳಲ್ಲಿ ಬಹಳಷ್ಟು ಮಳೆ ಬರುವವರೆಗೆ ಕಾಯುವುದೇ ಇಲ್ಲ. ನೆಲ ಕಾದು ಬಿರಿಯುವ ಮಾರ್ಚ್, ಏಪ್ರಿಲ್‌ನಲ್ಲಿಯೇ ಆಳದ ತೇವವನ್ನು ನಂಬಿ ಚಿಗುರುತ್ತವೆ. ಎಳೆಯ ಎಲೆಗಳಲ್ಲಿ ಹಸಿರಿಗಿಂತ ಮೊದಲು ಕೆಂಬಣ್ಣ ತುಂಬಿಕೊಳ್ಳುವುದರಿಂದ ದೂರದಿಂದ ನೋಡಿದರೆ ಬೆಟ್ಟವೇ ತಾಮ್ರದ ಬಣ್ಣಕ್ಕೆ ತಿರುಗಿದಂತೆ ಕಾಣುತ್ತದೆ. ಉತ್ತರ ಕನ್ನಡದ ಘಟ್ಟದ ಮೇಲಿನ ತಾಲ್ಲೂಕುಗಳಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ 9 ಎಕರೆಯವರೆಗೆ ಸೊಪ್ಪಿನ ಬೆಟ್ಟವನ್ನು ಬಳಸಿಕೊಳ್ಳುವ ಹಕ್ಕು ಬ್ರಿಟಿಷರ ಕಾಲದಿಂದ ನಡೆದುಬಂದಿದೆ. ಕಾಗದದ ಮೇಲೆ ಅದು ಗೊಬ್ಬರಕ್ಕಾಗಿ ಸೊಪ್ಪು, ದರಕು ತರುವ ಹಕ್ಕು. ಆದರೆ ಈ ಮನೆಯ ಹೆಂಗಸರ ಪಾಲಿಗೆ ಅದು ಹಿತ್ತಲಿನ ಮುಂದುವರಿಕೆಯೇ ಆಗಿದೆ, ಮತ್ತು ನನಗೆ ಈ ತಿಳಿವಳಿಕೆಯೇ ಹೆಚ್ಚು ನಿಜವೆನಿಸುತ್ತದೆ.

ಈ ದಿನದ ತಂಬುಳಿಗೆ ಬೆಟ್ಟದಂಚಿನ ನೇರಳೆಯ ಕುಡಿ, ಹಿತ್ತಲಿನ ಪೇರಲೆ ಮತ್ತು ದಾಳಿಂಬೆಯ ಕುಡಿ, ಬೇಲಿಯ ಕೇಪಳದ ಒಂದು ಗೊಂಚಲು ಹೂವು, ಎಲ್ಲ ಸೇರಿ ಒಂದು ಹಿಡಿ ಸಿಕ್ಕಿದೆ. ಕುಡಿಯನ್ನು ಒಂದು ಚಮಚ ತುಪ್ಪದಲ್ಲಿ ಜೀರಿಗೆ, ನಾಲ್ಕು ಕಾಳುಮೆಣಸಿನೊಂದಿಗೆ ಬಾಡುವಷ್ಟು ಮಾತ್ರ ಹುರಿದು, ತೆಂಗಿನ ತುರಿಯ ಜೊತೆ ನುಣ್ಣಗೆ ಬೀಸಿ, ಕಡೆದ ಮಜ್ಜಿಗೆಯಲ್ಲಿ ಕಲಸಿ, ಉಪ್ಪು ಹಾಕಿ, ಮೇಲೊಂದು ಸಣ್ಣ ಒಗ್ಗರಣೆ ಕೊಟ್ಟರೆ ಮುಗಿಯಿತು. ಇದನ್ನು ಕುದಿಸುವುದಿಲ್ಲ. ಕುಡಿಯ ಒಗರನ್ನು ಮಜ್ಜಿಗೆಯ ಹುಳಿ ಹದಕ್ಕೆ ತರುವ ಬಗೆಯನ್ನು ಮಾತಿನಲ್ಲಿ ಹೇಳುವುದು ಕಷ್ಟ. ಬಿಸಿ ಅನ್ನಕ್ಕೆ ಕಲಸಿಕೊಂಡು ಉಂಡವರಿಗೇ ಅದು ಗೊತ್ತು.

ಈಗ ಒಳಗೆ, ನಾಗಂದಿಗೆಯ ಕೆಳಗಿನ ಚೀನೀ ಭರಣಿಯತ್ತ ಬನ್ನಿ. ಬಿಳಿ ಬಟ್ಟೆ ಬಿಚ್ಚುತ್ತಿದ್ದಂತೆ ಕೋಣೆಯ ತುಂಬ ಹರಡುವ ಈ ಪರಿಮಳವನ್ನು ಕ್ಯಾಮೆರಾ ಹಿಡಿಯಲಾರದಲ್ಲ ಎಂಬ ಕೊರಗು ನನಗೆ ಪ್ರತಿವರ್ಷವೂ ಇದ್ದದ್ದೇ. ಇದು ಅಪ್ಪೆಮಿಡಿ. ಅಘನಾಶಿನಿ, ಶರಾವತಿ, ವರದಾ ನದಿಗಳ ದಂಡೆಯಲ್ಲಿ, ಹಳ್ಳದ ಬದಿಯಲ್ಲಿ ತಾನಾಗಿ ಬೆಳೆದ ಕಾಡುಮಾವಿನ ಎಳೆಗಾಯಿ. ಒಂದು ಮರದ ಮಿಡಿಗೆ ಜೀರಿಗೆಯ ಪರಿಮಳವಿದ್ದರೆ ಇನ್ನೊಂದಕ್ಕೆ ಕರ್ಪೂರದ್ದು. ಹಣ್ಣಾಗಲು ಬಿಟ್ಟರೆ ನಾರು ಮತ್ತು ಹುಳಿಯಲ್ಲದೆ ಬೇರೇನೂ ಸಿಗದ ಈ ಮಾವಿನ ಹೆಚ್ಚುಗಾರಿಕೆಯೆಲ್ಲ ಮಿಡಿಯಲ್ಲಿ, ಅದರಲ್ಲಿಯೂ ತೊಟ್ಟಿನ ಸೊನೆಯಲ್ಲಿದೆ. ಆದ್ದರಿಂದಲೇ ಮಿಡಿಯನ್ನು ತೊಟ್ಟುಸಹಿತ ಕೊಯ್ದು, ಬುಟ್ಟಿಗೆ ಹಗ್ಗ ಕಟ್ಟಿ ಮರದಿಂದ ಮೆಲ್ಲಗೆ ಇಳಿಸಬೇಕು. ನೆಲಕ್ಕೆ ಬಿದ್ದು ಪೆಟ್ಟಾದ ಒಂದೇ ಒಂದು ಮಿಡಿ ಭರಣಿಯೊಳಗೆ ಸೇರಿದರೂ ಅದು ಮೆತ್ತಗಾಗಿ ಉಳಿದವುಗಳನ್ನೂ ಕೆಡಿಸುತ್ತದೆ. ಮಾರ್ಚ್‌ನಲ್ಲಿ ಕಲ್ಲುಪ್ಪಿನ ಪದರಗಳ ನಡುವೆ ಹಾಕಿದ್ದ ಮಿಡಿಗಳು ಈಗ ಚಿರುಟಿಕೊಂಡಿವೆ, ಉಪ್ಪುನೀರು ಮೇಲೇರಿದೆ. ಇದೇ ನೀರನ್ನು ಕುದಿಸಿ ಆರಿಸಿ, ಅದರಲ್ಲಿ ಸಾಸಿವೆ, ಮೆಣಸು, ಅರಿಸಿನ ಬೀಸಿ ಕಲಸಿದರೆ ಉಪ್ಪಿನಕಾಯಿ ವರ್ಷಗಟ್ಟಲೆ ಕೆಡದೆ ಉಳಿಯುತ್ತದೆ.

ಅಪ್ಪೆಮಿಡಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ, ಪೇಟೆಯಲ್ಲಿ ಒಳ್ಳೆಯ ಬೆಲೆಯೂ ಇದೆ. ಆದರೆ ಬೆಲೆ ಏರಿದಂತೆ ಆತುರವೂ ಏರಿದೆ. ಹತ್ತಿ ಕೊಯ್ಯುವ ತಾಳ್ಮೆಯಿಲ್ಲದೆ ಕೊಂಬೆಗಳನ್ನೇ ಕಡಿದು ಉರುಳಿಸುವುದನ್ನು ನಾನು ಹೊಳೆಯಂಚಿನಲ್ಲಿ ಕಣ್ಣಾರೆ ಕಂಡಿದ್ದೇನೆ. ಗೊರಟಿನಿಂದ ಹುಟ್ಟಿದ ಸಸಿ ತಾಯಿಮರದ ಪರಿಮಳವನ್ನೇ ಕೊಡುತ್ತದೆಂಬ ಭರವಸೆಯಿಲ್ಲದ ಕಾರಣ, ಒಂದು ಮರ ಹೋದರೆ ಆ ಪರಿಮಳವೂ ಅದರೊಂದಿಗೆ ಹೋಗಬಹುದು. ಕಸಿ ಕಟ್ಟಿ ಉಳಿಸಿಕೊಳ್ಳಬೇಕಾದರೂ ಕಡ್ಡಿ ಕೊಡಲು ಮೂಲಮರ ಬದುಕಿರಬೇಕಷ್ಟೆ. ನಮ್ಮ ಹಿತ್ತಲಿನ ಮೂಲೆಯಲ್ಲಿರುವ ಈ ಎರಡು ಕಸಿಗಿಡಗಳು ಅಂಥದ್ದೊಂದು ಮುದಿಮರದ ಕಡ್ಡಿಯಿಂದ ಬಂದವು.

ಬೇಲಿ ದಾಟಿ ಹತ್ತು ಹೆಜ್ಜೆ ಏರಿದರೆ ಮಕ್ಕಳ ರಾಜ್ಯ. ಕಪ್ಪಗೆ ಹೊಳೆಯುತ್ತಿರುವುದು ಕವಳಿ ಹಣ್ಣು; ಮುಳ್ಳಿನ ನಡುವೆ ಕೈ ತೂರಿಸಿ ಕಿತ್ತರೆ ತೊಟ್ಟಿನಲ್ಲಿ ಹಾಲು ಒಸರುತ್ತದೆ, ಹೆಚ್ಚು ತಿಂದರೆ ತುಟಿ ಅಂಟುತ್ತದೆ. ಆಚೆಯ ಪೊದೆಯಲ್ಲಿ ಬಿಳಿಯ ಮುಳ್ಳುಹಣ್ಣು, ಅದರ ಹಿಂದೆ ಸಳ್ಳೆ. ಇವು ಮನೆಯವರೆಗೆ ಬರುವುದೇ ಅಪರೂಪ, ನಿಂತಲ್ಲಿಯೇ ಮುಗಿಯುತ್ತವೆ. ಕೆಳಗಿನ ಕೊಂಬೆಗಳದ್ದು ನಮಗೆ, ಮೇಲಿನದ್ದು ಪಿಕಳಾರಗಳಿಗೆ. ದೇವರ ಕೋಣೆಯ ಬಾಗಿಲಲ್ಲಿ ನೀವು ಕಂಡ ಕಂದು ಬಣ್ಣದ ಮಾಲೆ ಸುರಗಿಯದು. ಮಾರ್ಚ್‌ನಲ್ಲಿ ನಸುಕಿನಲ್ಲೆದ್ದು ಆರಿಸಿದ ಹೂವು ಒಣಗಿ ಎರಡು ತಿಂಗಳಾಗುತ್ತಾ ಬಂದರೂ ಹತ್ತಿರ ಹೋದರೆ ಘಮ್ಮೆನ್ನುತ್ತದೆ.

ಕೊನೆಗೆ ಅಂಗಳ. ಚಾಪೆಯ ಮೇಲೆ ಬಿಸಿಲಿಗೆ ಹರಡಿರುವ ಕಡುಗೆಂಪು ಸಿಪ್ಪೆಗಳು ಮುರುಗಲು. ಮೊದಲ ಮಳೆಗೆ ಮುಂಚೆಯೇ ಹಣ್ಣು ಆಯ್ದು, ಬಿಡಿಸಿ, ಒಣಗಿಸಿ ಮುಗಿಸಬೇಕು. ತೇವ ತಾಗಿದರೆ ಬೂಸಲು ಹಿಡಿಯುತ್ತದೆ. ಅದಕ್ಕಾಗಿ ಮಧ್ಯಾಹ್ನ ಮೂರರ ನಂತರ ಮನೆಯಲ್ಲಿ ಯಾರಾದರೊಬ್ಬರ ಕಣ್ಣು ಆಕಾಶದ ಮೇಲೆಯೇ ಇರುತ್ತದೆ. ಹಸಿ ಸಿಪ್ಪೆಗೆ ಸಕ್ಕರೆ ತುಂಬಿಟ್ಟು ಇಳಿಸಿದ ರಸ ಬಂದವರಿಗೆ ಪಾನಕವಾಗುತ್ತದೆ, ಒಣಸಿಪ್ಪೆ ವರ್ಷವಿಡೀ ಸಾರಿಗಾಗುತ್ತದೆ. ಬೀಜವನ್ನೂ ಎಸೆಯುವುದಿಲ್ಲ. ಕುಟ್ಟಿ, ಕುದಿಸಿ, ಮೇಲೆ ತೇಲುವ ಜಿಡ್ಡನ್ನು ತೆಗೆದು ಉಂಡೆ ಕಟ್ಟಿದರೆ ಅದೇ ಮುರುಗಲು ತುಪ್ಪ. ಅಂಗಾಲು ಒಡೆದವರಿಗೆ ಅತ್ತೆ ಕೊಡುವ ಮದ್ದು.

ಬೇಲಿಯ ಪಕ್ಕದ ಆ ಎಳೆಯ ಮುರುಗಲು ಮರವನ್ನು ನೋಡಿ. ನಾನು ಈ ಮನೆಗೆ ಬಂದ ವರ್ಷ ಬೀಜ ಹಾಕಿ ಎಬ್ಬಿಸಿದ್ದು. ಮುರುಗಲಿನಲ್ಲಿ ಗಂಡು ಮರ, ಹೆಣ್ಣು ಮರ ಬೇರೆ ಬೇರೆ. ಹೂ ಬಿಡುವವರೆಗೆ ಯಾವುದೆಂದು ತಿಳಿಯದು. ಎಂಟು ವರ್ಷ ನೀರೆರೆದ ಮೇಲೆ ಕಳೆದ ಮಾಗಿಯಲ್ಲಿ ಅದು ಮೈತುಂಬ ಗೊಂಚಲು ಹೂ ಬಿಟ್ಟಿತು, ಎಲ್ಲವೂ ಗಂಡು ಹೂವು. ನನಗೆ ಅಳುವೇ ಬಂತು. ಕಡಿದು ಆ ಜಾಗದಲ್ಲಿ ಕಸಿಗಿಡ ನೆಡೋಣವೆಂದು ಮನೆಯಲ್ಲಿ ಮಾತು ಬಂದಾಗ, ಬೆಟ್ಟದಲ್ಲಿದ್ದ ಹಳೆಯ ಗಂಡು ಮರ ಹಿಂದಿನ ವರ್ಷದ ಗಾಳಿಗೆ ಬಿದ್ದದ್ದನ್ನು ಅತ್ತೆ ನೆನಪಿಸಿದರು. ಕಸಿಗಿಡವನ್ನು ಬಚ್ಚಲ ಕಾಲುವೆಯ ಬದಿಗೆ, ಒಂದೆಲಗದ ಪಕ್ಕದಲ್ಲಿ ನೆಟ್ಟೆವು. ಅಗೋ, ದರಕು ಮುಚ್ಚಿರುವುದು ಅದಕ್ಕೇ. ಈಗ ಕೊಡ ತುಂಬಿಕೊಂಡು ಎರಡಕ್ಕೂ ನೀರು ಹಾಕಿ ಬರುತ್ತೇನೆ.