ಅಕ್ಷರಕ್ಕೆ ಬಣ್ಣ ಹಾಕುವ ಮುಂಚೆ ಹಿನ್ನೆಲೆ ಯಾರದ್ದು ಅಂತ ಕೇಳಿ

ನಮಸ್ಕಾರ. ಟರ್ಮಿನಲ್‌ನಲ್ಲಿ, ಅಂದರೆ ಆದೇಶ ಟೈಪ್ ಮಾಡಿ ಉತ್ತರವನ್ನು ಅಕ್ಷರಗಳಲ್ಲೇ ಓದುವ ಕಿಟಕಿಯಲ್ಲಿ, ಓಡುವ ಪ್ರೋಗ್ರಾಂ ಬರೆಯುವವರಿಗೆ ಇವತ್ತು ಒಂದು ಮಾತು ಹೇಳಬೇಕು. ನೀವು ಅಕ್ಷರಕ್ಕೆ ಬಣ್ಣ ಹಾಕುತ್ತೀರಿ. ಅದರ ಹಿಂದೆ ಯಾವ ಬಣ್ಣ ಇದೆ ಅಂತ ನಿಮಗೆ ಗೊತ್ತಿರುವುದಿಲ್ಲ. ಗೊತ್ತಿದೆ ಅಂದುಕೊಂಡು ಬರೆಯುತ್ತೀರಿ. ತೊಂದರೆ ಶುರುವಾಗುವುದೇ ಅಲ್ಲಿಂದ.

ನಿಮ್ಮದು ಕಪ್ಪು ಪರದೆ. ಎಚ್ಚರಿಕೆಯ ಸಾಲನ್ನು ಹಳದಿಯಲ್ಲಿ ತೋರಿಸಿದಿರಿ, ಚೆನ್ನಾಗಿ ಕಂಡಿತು. ಅದೇ ಪ್ರೋಗ್ರಾಂ ಬಿಳಿ ಪರದೆ ಇಟ್ಟುಕೊಂಡವರ ಕೈಗೆ ಹೋಗುತ್ತದೆ. ಎಲ್ಲಕ್ಕಿಂತ ಮೊದಲು ಓದಬೇಕಾದ ಸಾಲೇ ಅವರಿಗೆ ಕಾಣುವುದಿಲ್ಲ. ಕಪ್ಪಿನ ಮೇಲೆ ಕಡುನೀಲಿ ಹಾಕಿದರೂ ಇದೇ ಗತಿ. ವಿಂಡೋಸ್ ಕನ್ಸೋಲ್‌ನ ಹಳೆಯ ನೀಲಿಯನ್ನು ಓದುವುದು ಬಹಳ ಕಷ್ಟವಿತ್ತು. ಕೊನೆಗೆ 2017ರಲ್ಲಿ ಮೈಕ್ರೋಸಾಫ್ಟ್ ಆ ಬಣ್ಣಗಳನ್ನೇ ಬದಲಾಯಿಸಿತು.

ಒಳಗೆ ನಡೆಯುವುದು ಬಹಳ ಸರಳ. ಅಕ್ಷರಗಳ ಜೊತೆಗೇ ಪ್ರೋಗ್ರಾಂ ಒಂದು ಸಣ್ಣ ಆದೇಶ ಕಳಿಸುತ್ತದೆ. ಮೊದಲು ಎಸ್ಕೇಪ್ ಅನ್ನುವ ಕಣ್ಣಿಗೆ ಕಾಣದ ಅಕ್ಷರ, ಆಮೇಲೆ ಚೌಕ ಬ್ರ್ಯಾಕೆಟ್, ಒಂದು ಸಂಖ್ಯೆ, ಕೊನೆಗೆ ಸಣ್ಣ ಎಂ. 30ರಿಂದ 37ರವರೆಗೆ ಅಕ್ಷರದ ಬಣ್ಣ, 40ರಿಂದ 47ರವರೆಗೆ ಹಿನ್ನೆಲೆಯ ಬಣ್ಣ. 31 ಅಂದರೆ ಕೆಂಪು. ಆದರೆ ಎಂಥ ಕೆಂಪು? ಅದನ್ನು ಪ್ರೋಗ್ರಾಂ ಹೇಳುವುದಿಲ್ಲ, ಟರ್ಮಿನಲ್ ಇಟ್ಟುಕೊಂಡವರು ತಮ್ಮ ಥೀಮ್‌ನಲ್ಲಿ ಹೇಳಿರುತ್ತಾರೆ. ಇದು ಕೊರತೆ ಅಂತ ಕೆಲವರು ಬೇಜಾರು ಮಾಡಿಕೊಳ್ಳುತ್ತಾರೆ. ನನಗಂತೂ ಈ ಪದ್ಧತಿಯಲ್ಲಿ ತುಂಬಾ ಹಿಡಿಸಿದ್ದೇ ಇದು. ಕಣ್ಣು ಅವರದ್ದು, ಪರದೆ ಅವರದ್ದು, ತೀರ್ಮಾನವೂ ಅವರದ್ದೇ ಆಗಬೇಕು ಅಲ್ವಾ?

ಈಗ ಬಹುತೇಕ ಟರ್ಮಿನಲ್‌ಗಳು 256 ಬಣ್ಣ ಕೊಡುತ್ತವೆ. ಕೆಂಪು, ಹಸಿರು, ನೀಲಿಯ ಪ್ರಮಾಣ ಹೇಳಿ 1.6 ಕೋಟಿಗೂ ಜಾಸ್ತಿ ಬಣ್ಣಗಳಲ್ಲಿ ಒಂದನ್ನು ಆರಿಸುವುದಕ್ಕೂ ಆಗುತ್ತದೆ. ಆಸೆಯಾಗುವುದು ಸಹಜ. ಆದರೆ ಹಾಗೆ ಪ್ರಮಾಣ ಹೇಳಿದ ಕೂಡಲೇ ಬಳಸುವವರ ಥೀಮ್ ಪಕ್ಕಕ್ಕೆ ಹೋಯಿತು. ಚಿತ್ರ ತೋರಿಸುವ ಪ್ರೋಗ್ರಾಂಗೆ ಅದು ಬೇಕು. ಮೂರು ಸಾಲಿನ ಎರರ್ ಸಂದೇಶಕ್ಕೆ ಸುಮ್ನೆ ಯಾಕೆ?

ನಾನು ಎಲ್ಲರಿಗೂ ನೆನಪಿಸುವ ಸಂಖ್ಯೆಗಳು 39 ಮತ್ತು 49. 39 ಅಂದರೆ ಬಳಸುವವರ ಮಾಮೂಲಿ ಅಕ್ಷರದ ಬಣ್ಣ, 49 ಅಂದರೆ ಅವರ ಮಾಮೂಲಿ ಹಿನ್ನೆಲೆ. ಸಾಮಾನ್ಯ ಬರಹವನ್ನೆಲ್ಲ ಅದರಲ್ಲೇ ಬಿಡಿ. ಕೆಳಗೆ ಸ್ಟೇಟಸ್ ಬಾರ್ ಬೇಕು, ಅದಕ್ಕೆ ಬೇರೆ ಹಿನ್ನೆಲೆ ಇರಲೇಬೇಕು ಅಂದರೆ ಅಕ್ಷರದ ಬಣ್ಣವನ್ನೂ ನೀವೇ ಹೇಳಿ. ಒಂದನ್ನು ನೀವು ಇಟ್ಟು ಇನ್ನೊಂದನ್ನು ಅದೃಷ್ಟಕ್ಕೆ ಬಿಟ್ಟರೆ, ಬಿಳಿಯ ಮೇಲೆ ಬಿಳಿ ಬಂದು ಕೂರುತ್ತದೆ. ಕೆಲಸ ಮುಗಿದ ಮೇಲೆ 0 ಕಳಿಸಿ ಎಲ್ಲವನ್ನೂ ಮೊದಲಿನಂತೆ ಮಾಡಿ. ಮಧ್ಯದಲ್ಲಿ ಕಂಟ್ರೋಲ್ ಸಿ ಒತ್ತಿ ಹೊರಬಂದವರಿಗೂ ಇದು ಆಗಬೇಕು. ಇಲ್ಲದಿದ್ದರೆ ಅವರು ಮುಂದಿನ ಆದೇಶ ಟೈಪ್ ಮಾಡುವ ಪ್ರಾಂಪ್ಟ್‌ವರೆಗೂ ನಿಮ್ಮ ಕೆಂಪು ಹರಿದುಬರುತ್ತದೆ.

ಔಟ್‌ಪುಟ್ ಫೈಲ್‌ಗೆ ಅಥವಾ ಪೈಪ್ ಮೂಲಕ ಇನ್ನೊಂದು ಪ್ರೋಗ್ರಾಂಗೆ ಹೋಗುತ್ತಿದ್ದರೆ ಬಣ್ಣ ಬೇಡವೇ ಬೇಡ. ಲಾಗ್ ತೆರೆದವರಿಗೆ ಸಾಲು ಸಾಲಿನಲ್ಲೂ ಬ್ರ್ಯಾಕೆಟ್, 31, ಎಂ ಕಾಣಬಾರದು. ಎದುರಿಗಿರುವುದು ಟರ್ಮಿನಲ್ಲೇ ಹೌದಾ ಅಂತ ಕೇಳುವ ಫಂಕ್ಷನ್ ಹೆಚ್ಚುಕಡಿಮೆ ಎಲ್ಲ ಭಾಷೆಗಳಲ್ಲೂ ಇದೆ. ಬಣ್ಣ ಬೇಡ ಅಂತ ಬಳಸುವವರು ಮೊದಲೇ ಹೇಳಿಡುವ ನೋ ಕಲರ್ (NO_COLOR) ಅನ್ನುವ ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ ಏನಾದರೂ ಇದ್ದರೆ ಅದಕ್ಕೂ ಮರ್ಯಾದೆ ಕೊಡಿ.

ಇನ್ನು ಕೆಂಪು, ಹಸಿರಿನ ವಿಷಯ. ಟೆಸ್ಟ್ ಪಾಸಾದರೆ ಹಸಿರು ಚುಕ್ಕಿ, ಫೇಲಾದರೆ ಕೆಂಪು ಚುಕ್ಕಿ, ಬೇರೆ ಏನೂ ಇಲ್ಲ. ಈ ಎರಡು ಬಣ್ಣಗಳನ್ನು ಬೇರೆಬೇರೆಯಾಗಿ ಗುರುತಿಸಲಾಗದವರು ತುಂಬಾ ಜನ ಇದ್ದಾರೆ, ಅದರಲ್ಲೂ ಗಂಡಸರಲ್ಲಿ ಜಾಸ್ತಿ. ಅವರಿಗೆ ಎರಡು ಚುಕ್ಕಿಗಳೂ ಒಂದೇ ಥರ ಕಾಣಬಹುದು. ಪಕ್ಕದಲ್ಲಿ ಪಾಸ್, ಫೇಲ್ ಅಂತ ಬರೆಯುವುದಕ್ಕೆ ಎಷ್ಟು ಹೊತ್ತು ಬೇಕು? ದಯವಿಟ್ಟು ಬರೆಯಿರಿ. ಮುಂದಿನ ಸಲ ಪ್ರೋಗ್ರಾಂ ಹೊರಗೆ ಬಿಡುವ ಮುಂಚೆ ಕಪ್ಪು ಥೀಮ್‌ನಲ್ಲಿ ಒಮ್ಮೆ, ಬಿಳಿ ಥೀಮ್‌ನಲ್ಲಿ ಒಮ್ಮೆ, ಬಣ್ಣವನ್ನೇ ತೆಗೆದು ಒಮ್ಮೆ ಓಡಿಸಿ, ಪ್ರತಿ ಸಲವೂ ಎಲ್ಲ ಸಾಲುಗಳನ್ನೂ ಓದಿ.