ಬಳ್ಳಾರಿ ಮ್ಯೂಸಿಯಂ ಲೋಗೋದಾಗ ಹಂಪಿ ರಥ ಯಾಕ್ರಿ? | ಗೂಳಿ, ಬೂದಿ, ಒತ್ತಕ್ಷರ

ಬಳ್ಳಾರಿ ಹತ್ರ ಸಂಗನಕಲ್ಲಿನ ಹಿರೇಗುಡ್ಡ ಹತ್ತೋದು ಕಾಣ್ತಾ ಐತೆ, ಅದನ್ನೇನು ಹೇಳೋದಿಲ್ಲ. ಗಾಳಿ ಸದ್ದಿಗೆ ಅಲ್ಲಿ ಮಾತಾಡಿದ್ದು ಒಂದೂ ಕೇಳ್ತಿರಲಿಲ್ಲ, ಅದಕ್ಕೆ ಮನೆಗೆ ಬಂದು ದನಿ ಕೂಡಿಸ್ತಾ ಇದೀನಿ. ನಮ್ಮೂರಾಗ ರಾಬರ್ಟ್ ಬ್ರೂಸ್ ಫೂಟ್ ಸಂಗನಕಲ್ಲು ವಸ್ತುಸಂಗ್ರಹಾಲಯ ಐತಲ್ಲ, ಅದಕ್ಕೆ ಹೊಸ ಲೋಗೋ, ಬೋರ್ಡು, ಕೈಪತ್ರ ಹೆಂಗಿದ್ರೆ ಚೆಂದ ಅಂತ ಬಿಡಿಸ್ತಾ ಇದೀನಿ. ಯಾರೂ ಕೊಟ್ಟ ಕೆಲಸ ಅಲ್ಲ ಇದು. ನನಗೇ ಮಾಡಬೇಕು ಅನ್ನಿಸ್ತು, ಮಾಡ್ತಾ ಇದೀನಿ.

ಹಾಂ, ಇಲ್ಲಿ ನೋಡ್ರಿ. ಈ ಕರೇ ಬಂಡೆ ಡಾಲರೈಟ್. ಇದರ ಮ್ಯಾಲೆ ಗೂಳಿ. ಕೊಂಬು ಎಷ್ಟುದ್ದ ಐತೆ ನೋಡ್ರಿ! ಇದು ಗೆರೆ ಕೊರೆದದ್ದಲ್ಲ, ಕಲ್ಲಿಂದ ಚುಕ್ಕಿ ಚುಕ್ಕಿ ಜಜ್ಜಿ ಮೂಡಿಸಿದ್ದು. ಹತ್ರ ಹೋದ್ರೆ ಅಂಚು ಎಲ್ಲೂ ನುಣ್ಣಗಿಲ್ಲ. ಇಲ್ಲಿ ನಾಲ್ಕು ಸಾವಿರ ವರ್ಷಕ್ಕೂ ಹಿಂದೆ ದನ ಸಾಕಿಕೊಂಡು ಜನ ಇದ್ರು, ಇದೇ ಕಲ್ಲಿಂದ ಕೊಡಲಿ ಮಾಡ್ತಿದ್ರು. ಕೆಲವು ಬಂಡೆ ಬಡಿದ್ರೆ ಗಂಟೆ ಹಂಗೆ ಸದ್ದು ಬರ್ತದೆ. ದಯವಿಟ್ಟು ನೀವು ಬಂದಾಗ ಬಡೀಬ್ಯಾಡ್ರಿ. ಈ ಸುತ್ತಮುತ್ತ ಕಲ್ಲು ಗಣಿಗಾರಿಕೆಯಿಂದ ಹಾಳಾಗಿರೋದೇ ಸಾಕಷ್ಟೈತೆ.

ಗೆಳೆಯರಿಗೆ ತೋರಿಸಿದ್ರೆ ಎಲ್ಲರದೂ ಒಂದೇ ಮಾತು, ಹಂಪಿ ಕಲ್ಲಿನ ರಥ ಹಾಕು ಅಂತ. ಯಾಕ್ರಿ? ರಥ 50 ರೂಪಾಯಿ ನೋಟಿನ ಮ್ಯಾಲೇ ಐತೆ. ಹಂಪಿ 2021ರಿಂದ ವಿಜಯನಗರ ಜಿಲ್ಲೆಗೆ ಹೋಗೈತೆ. ಅದೆಲ್ಲ ಬಿಡ್ರಿ, ವಿಜಯನಗರ ಕಟ್ಟೋದಕ್ಕೆ ಸಾವಿರಾರು ವರ್ಷ ಮೊದಲಿನ ಜನರ ಕಥೆ ಹೇಳೋ ಮ್ಯೂಸಿಯಂ ಇದು. ಬಾಗಿಲಾಗೇ ರಥ ನಿಲ್ಲಿಸಿದ್ರೆ ಒಳಗಿರೋ ಕಲ್ಲುಕೊಡಲಿ, ಮಡಿಕೆ ಚೂರು ಯಾರ ಕಣ್ಣಿಗೆ ಬೀಳ್ತದೆ? ಇನ್ನೊಬ್ಬ ಫೂಟ್ ಸಾಹೇಬರ ಮುಖ ಹಾಕು ಅಂದ. 1863ರಾಗ ಮದ್ರಾಸ್ ಹತ್ರ ಪಲ್ಲಾವರಂದಾಗ ಹಳೇ ಶಿಲಾಯುಗದ ಆಯುಧ ಗುರುತಿಸಿದ ಭೂವಿಜ್ಞಾನಿ ಅವರು, ದೊಡ್ಡವರು. ಹೆಸರಾಗೇ ಅದಾರೆ, ಸಾಕು. ಲೋಗೋ ಮಾತ್ರ ಗೂಳಿದೇ.

ಬಣ್ಣ ಮೊದಲು ಅದಿರಿನ ಕೆಂಪು ಇಟ್ಟಿದ್ದೆ. ಈಗ ಬ್ಯಾಡ. ಬಳ್ಳಾರಿ ಅಂದ್ರೆ ಎಲ್ಲರಿಗೂ ಗಣಿ ಧೂಳೇ ನೆನಪಾಗ್ತದೆ, ಅದನ್ನ ನಾವೇ ಯಾಕೆ ಹಚ್ಕೋಬೇಕು? ಬೂದಿ ಬಣ್ಣ ತಗೊಂಡೆ. ಕುಡಿತಿನಿ ಬೂದಿದಿಬ್ಬ ಗೊತ್ತಲ್ಲ, ಅದೆಲ್ಲ ಆ ಕಾಲದ ದನದ ಸಗಣಿ ಗುಡ್ಡೆ ಹಾಕಿ ಸುಟ್ಟಿದ್ದು. ಹಂಪಿ ಹತ್ರ ನಿಂಬಾಪುರದಾಗ ಹಿಂಗೇ ಒಂದು ಬೂದಿದಿಬ್ಬ ಐತೆ, ಅದನ್ನ ವಾಲಿಯನ್ನ ಸುಟ್ಟ ಜಾಗ ಅಂತಾರೆ. ಆ ಕಥೆ ನನಗೆ ಭಾಳ ಇಷ್ಟ, ಅದಕ್ಕೇ ಒಂದು ಸಲ ಹೋಗಿ... ಅಯ್ಯೋ, ಅಂಗಡಿ ಶಾಟ್ ಬಂದೇ ಬಿಡ್ತು.

ಬೋರ್ಡ್ ಪ್ರಿಂಟ್ ಮಾಡಿಸಿದ ಈ ಅಂಗಡಿ ಹೆಸರು ಹೇಳೋದಿಲ್ಲ. ಎರಡಡಿ ನಾಲ್ಕಡಿ ಸನ್‌ಬೋರ್ಡ್ ಅಂದ್ರೆ ಹಗುರಾದ ಫೋಮ್ ಹಲಗೆ, ಚದರಡಿಗೆ 90 ರೂಪಾಯಿ, ಒಟ್ಟು 720. ರೊಕ್ಕದ ಬಗ್ಗೆ ನನ್ನ ತಕರಾರಿಲ್ಲ. ಅಕ್ಷರ ನೋಡ್ರಿ! ‘ಸಂಗನಕಲ್‌ಲು’. ಲ ಕೆಳಗೆ ಇರಬೇಕಾದ ಒತ್ತು ಪಕ್ಕಕ್ಕೆ ಬಂದು ನಿಂತೈತೆ. ‘ವಸ್ತು’ವಿನ ತ ಒತ್ತಿಗೂ ಅದೇ ಗತಿ. ನಾನು ಕರ್ವ್ ಮಾಡಿದ ಪಿಡಿಎಫ್ ಕೊಟ್ಟಿದ್ದೆ, ಅಂದ್ರೆ ಅಕ್ಷರ ಆಗಲೇ ಚಿತ್ರ ಆಗಿರ್ತದೆ, ಯಾವ ಕಂಪ್ಯೂಟರಿನಾಗ ತೆಗೆದ್ರೂ ಒಡೆಯೋದಿಲ್ಲ. ಇವರು ಸೈಜ್ ಹೊಂದಿಸೋಕೆ ಅಂತ ಹೊಸದಾಗಿ ಟೈಪ್ ಮಾಡ್ಯಾರೆ, ಅದೂ ಯೂನಿಕೋಡ್ ತಿಳಿಯದ ಹಳೇ ಸಾಫ್ಟ್‌ವೇರಿನಾಗ. "ಅಣ್ಣಾ, ಒತ್ತು ಒಡೆದಾವಲ್ಲ" ಅಂದ್ರೆ, "ದೂರದಿಂದ ಗೊತ್ತಾಗಲ್ಲ ಬಿಡ್ರಿ ಸರ್" ಅಂದ್ರು. ದೂರದಿಂದ ಓದಲಿ ಅಂತಾನೇ ಅಲ್ವಾ ಬೋರ್ಡ್ ಹಾಕೋದು! ಇದೇ ಬೋರ್ಡಿನ ಇಂಗ್ಲಿಷಿನಾಗ ಒಂದಕ್ಷರ ತಪ್ಪಿದ್ದರೆ ಹಿಂಗಂತಿದ್ರಾ? ಒಂದನೇ ತರಗತಿ ಹುಡುಗಿ ಅಮ್ಮನ ಕೈ ಹಿಡ್ಕೊಂಡು ಬಂದು ಬಾಗಿಲಾಗೇ ತಪ್ಪು ಓದಬಾರದು. ನನಗೆ ಭಾಳ ಸಿಟ್ಟು ಬಂತು, ಈಗಲೂ ಐತೆ.

ಸಾಲುಗಳನ್ನೂ ಒತ್ತರಿಸಿಬಿಟ್ಟಾರೆ. ಕನ್ನಡಕ್ಕೆ ಕೆಳಗೆ ಒತ್ತು, ಮ್ಯಾಲೆ ತಲೆಕಟ್ಟು, ಎರಡಕ್ಕೂ ಜಾಗ ಬೇಕು. ಇಂಗ್ಲಿಷಿಗೆ ಬಿಟ್ಟಷ್ಟೇ ಬಿಟ್ರೆ ಮ್ಯಾಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಗೆ ಬಡೀತದೆ. ಫಾಂಟ್ ನಾನು ಅನೇಕ್ ಕನ್ನಡ ತಗೊಂಡೀನಿ. ಬಿಟ್ಟಿ ಸಿಗ್ತದೆ, ಅಗಲ ಹೆಚ್ಚುಕಮ್ಮಿ ಮಾಡಬಹುದು, ಹಂಗಾಗಿ ಉದ್ದ ಹೆಸರೂ ಅಕ್ಷರದ ಎತ್ತರ ಕುಗ್ಗಿಸದೆ ಕೂರ್ತದೆ.

ಇದು ಬೇರೆ ಅಂಗಡಿ. ರೇಟ್ ಜಾಸ್ತಿ, ಆದ್ರೆ ಒತ್ತು ಅದರ ಜಾಗದಾಗ ಐತೆ. ಬೂದಿ ಬಣ್ಣ ಸ್ವಲ್ಪ ನೇರಳೆಗೆ ತಿರುಗೈತೆ, ಬರೀ ಕಪ್ಪು ಶಾಯಿಯಿಂದಲೇ ತೆಗೀರಿ ಅಂದೀನಿ. ಕೆಂಪು ಪೂರ್ತಿ ಬ್ಯಾಡ ಅಂದಿದ್ದೆನಲ್ಲ, ಕೊಂಬಿನ ತುದಿಗೆ ಒಂದು ಚುಕ್ಕಿ ಇಟ್ಟು ನೋಡಿದೆ. ಚೆಂದ ಐತೆ, ಇರಲಿ.

ಫೋನಿನಾಗ ಸಣ್ಣದು ಮಾಡಿದ್ರೆ ಜಜ್ಜಿದ ಚುಕ್ಕಿ ಎಲ್ಲ ಕಲೆಸಿ ಹೋಗ್ತಾವೆ. ಅದಕ್ಕೆ ಸಣ್ಣ ಸೈಜಿಗೆ ಕೊಂಬು, ಡುಬ್ಬ ಎರಡೇ ಸಾಕಾ, ಇಲ್ಲಾ ಇಡೀ ಗೂಳಿನೇ ಬೇಕಾ? ಎರಡೂ ಪಕ್ಕಪಕ್ಕ ಇಟ್ಟೀನಿ, ನೋಡಿ ಹೇಳ್ರಿ.