ಪ್ರತಿ ಕೆಲಸಕ್ಕೂ ಒಂದು ಪರದೆ, ಪ್ರತಿ ಪರದೆಗೂ ಒಂದು ಕೀಲಿ

ಕೇಳುಗರಿಗೆ ನಮಸ್ಕಾರ. ಬೆಳಗಿನಿಂದ ಸಂಜೆಯವರೆಗೆ ಲ್ಯಾಪ್‌ಟಾಪ್ ಮುಂದೆ ಕುಳಿತು ದುಡಿಯುವ ಅನುವಾದಕರು, ಪುಟವಿನ್ಯಾಸಕರು, ಲೆಕ್ಕಪತ್ರದವರು, ಪ್ರೋಗ್ರಾಮ್ ಬರೆಯುವವರು, ಈ ಮಾತು ನಿಮಗಾಗಿ. ಲ್ಯಾಪ್‌ಟಾಪನ್ನು ನಮ್ಮ ಕೆಲಸಕ್ಕೆ ಒಗ್ಗಿಸಿಕೊಳ್ಳುವುದು ಎಂದೊಡನೆ ಬಹಳ ಜನ ವಾಲ್‌ಪೇಪರ್ ಬದಲಿಸಲು ಹೊರಡುತ್ತಾರೆ. ಪರದೆಯ ಮೂಲೆಗೊಂದು ಗಡಿಯಾರ, ಇನ್ನೊಂದು ಮೂಲೆಗೆ ಹವಾಮಾನ, ವಿಂಡೋ ತೆರೆದರೆ ಮುಚ್ಚಿದರೆ ಚಿತ್ತಾರ. ಇದೆಲ್ಲ ಅಲಂಕಾರ. ಇದರಿಂದ ಕೆಲಸ ಒಂದಿಷ್ಟೂ ಹಗುರವಾಗುವುದಿಲ್ಲ. ನಾನು ಹೇಳಲು ಬಂದಿರುವುದು ಒಂದೇ ಸಂಗತಿ: ಪ್ರತಿ ಕೆಲಸಕ್ಕೂ ಖಾಯಂ ಆದ ಒಂದು ಪರದೆ ಇರಲಿ, ಆ ಪರದೆಗೆ ಹೋಗಲು ಖಾಯಂ ಆದ ಒಂದು ಕೀಲಿ ಇರಲಿ.

ಇದು ಹೊಸದಲ್ಲ. ಅಮೆರಿಕದ ಜೆರಾಕ್ಸ್ ಪಾರ್ಕ್ ಸಂಶೋಧನಾಲಯದಲ್ಲಿ ಆಸ್ಟಿನ್ ಹೆಂಡರ್ಸನ್ ಮತ್ತು ಸ್ಟುವರ್ಟ್ ಕಾರ್ಡ್ 1986ರಲ್ಲೇ ‘ರೂಮ್ಸ್’ ಎಂಬ ವ್ಯವಸ್ಥೆಯನ್ನು ವಿವರಿಸಿದರು. ಒಂದು ಕೆಲಸಕ್ಕೆ ಬೇಕಾದ ವಿಂಡೋಗಳೆಲ್ಲ ಒಟ್ಟಾಗಿ ಒಂದು ಕೋಣೆಯಲ್ಲಿ ಇರುತ್ತವೆ, ಕೆಲಸ ಬದಲಾದರೆ ಕೋಣೆ ಬದಲಿಸಿದರಾಯಿತು. ಪರದೆ ಚಿಕ್ಕದಾಗಿ ಕೆಲಸಗಳು ಹೆಚ್ಚಾದಾಗ ಮನುಷ್ಯನ ಸಮಯವೆಲ್ಲ ವಿಂಡೋಗಳನ್ನು ಸರಿಸುವುದರಲ್ಲೇ ಹೋಗುತ್ತದೆ ಎಂಬುದನ್ನು ಅವರು ಆಗಲೇ ಗುರುತಿಸಿದ್ದರು. ನಾನು ಪರದೆ ಎಂದದ್ದು ಇಂಥ ಕೋಣೆಯನ್ನೇ. ಇಂದು ಇದನ್ನು ವರ್ಚುವಲ್ ಡೆಸ್ಕ್‌ಟಾಪ್, ಚುಟುಕಾಗಿ ಡೆಸ್ಕ್‌ಟಾಪ್ ಎನ್ನುತ್ತೇವೆ. ನಿಮ್ಮ ಲ್ಯಾಪ್‌ಟಾಪಿನಲ್ಲೂ ಇದೆ. ಮುಟ್ಟಿ ನೋಡಿಲ್ಲ, ಅಷ್ಟೇ.

ನನ್ನ ಪರಿಚಯದ ಅನುವಾದಕಿಯೊಬ್ಬರ ವಿಷಯ ಹೇಳುತ್ತೇನೆ. ಅವರ ಲ್ಯಾಪ್‌ಟಾಪಿನಲ್ಲಿರುವುದು ವಿಂಡೋಸ್ ಅಲ್ಲ, ಲಿನಕ್ಸ್ ಎಂಬ ಕಾರ್ಯವ್ಯವಸ್ಥೆ. ವಿಂಡೋ, ಮೆನುಗಳನ್ನೆಲ್ಲ ನೋಡಿಕೊಳ್ಳುವುದು ಕೆಡಿಇ ಪ್ಲಾಸ್ಮಾ ಎಂಬ ತಂತ್ರಾಂಶ. ಪರದೆ 14 ಅಂಗುಲದ್ದು. ಸಸ್ಯಗಳ ಬಗೆಗಿನ ಇಂಗ್ಲಿಷ್ ಪುಸ್ತಕವೊಂದನ್ನು ಕನ್ನಡಕ್ಕೆ ತರುತ್ತಿದ್ದರು. ‘ಸರ್, ಈ ಪರದೆ ಸಾಲದು, ದೊಡ್ಡ ಮಾನಿಟರ್ ಕೊಳ್ಳಬೇಕು’ ಎಂದರು. ‘ಸ್ವಲ್ಪ ಕೆಲಸ ಮಾಡಿ ಮೇಡಂ, ನೋಡುತ್ತೇನೆ’ ಎಂದು ಪಕ್ಕದಲ್ಲಿ ಕುಳಿತೆ. ಪಿಡಿಎಫ್‌ನಲ್ಲಿ ಒಂದು ಪದ ಕಂಡರು. ಅರ್ಥ ಹುಡುಕಲು ಆಲ್ಟ್ ಮತ್ತು ಟ್ಯಾಬ್ ಒತ್ತಿದರು, ಇಮೇಲ್ ಬಂತು. ಮತ್ತೆ ಒತ್ತಿದರು, ಹಾಡಿನ ಪಟ್ಟಿ ಬಂತು. ಇನ್ನೊಮ್ಮೆ ಒತ್ತಿದಾಗ ನಿಘಂಟೇನೋ ಬಂತು, ಆದರೆ ಅಷ್ಟರಲ್ಲಿ ಪದದ ಕಾಗುಣಿತ ಮರೆತು ಹೋಗಿತ್ತು. ಪುನಃ ಪಿಡಿಎಫ್ ಹುಡುಕಾಟ.

ನಾಲ್ಕು ಡೆಸ್ಕ್‌ಟಾಪ್ ಮಾಡಿಕೊಟ್ಟೆ. ಒಂದನೆಯದರಲ್ಲಿ ಎಡಕ್ಕೆ ಮೂಲ, ಬಲಕ್ಕೆ ಅನುವಾದ. ಎರಡನೆಯದರಲ್ಲಿ ನಿಘಂಟು. ಮೂರನೆಯದರಲ್ಲಿ ಇಮೇಲ್. ನಾಲ್ಕನೆಯದರಲ್ಲಿ ಹಾಡು ಮತ್ತು ಇತರೆ. ಪ್ಲಾಸ್ಮಾದಲ್ಲಿ ವಿಂಡೋ ನಿಯಮ ಎಂಬ ಸೌಲಭ್ಯವಿದೆ, ಯಾವ ತಂತ್ರಾಂಶ ಎಲ್ಲಿ ತೆರೆಯಬೇಕು ಎಂದು ಒಮ್ಮೆ ಹೇಳಿದರೆ ಸಾಕು, ಅದು ಅಲ್ಲಿಯೇ ತೆರೆದುಕೊಳ್ಳುತ್ತದೆ. ಡೆಸ್ಕ್‌ಟಾಪ್ ಬದಲಿಸಲು ಅಲ್ಲಿ ಮೊದಲೇ ಇದ್ದದ್ದು ಕಂಟ್ರೋಲ್ ಜೊತೆ ಎಫ್1, ಎಫ್2. ಲ್ಯಾಪ್‌ಟಾಪ್‌ಗಳಲ್ಲಿ ಆ ಸಾಲು ಸಾಮಾನ್ಯವಾಗಿ ಧ್ವನಿಗೂ ಪರದೆಯ ಬೆಳಕಿಗೂ ಮೀಸಲು. ಹಾಗಾಗಿ ವಿಂಡೋಸ್ ಗುರುತಿನ ಕೀಲಿಯ ಜೊತೆಗೆ 1, 2, 3, 4 ಇಟ್ಟೆ. ಅಡುಗೆಮನೆಯಲ್ಲಿ ಕರೆಂಟ್ ಹೋದಾಗಲೂ ಸಾಸಿವೆ ಡಬ್ಬಿ ಕೈಗೆ ಸಿಗುತ್ತದಲ್ಲ, ಪರದೆಯೂ ಹಾಗೆ ಸಿಗಬೇಕು.

ಇನ್ನೊಂದು ತೊಡಕಿತ್ತು. ಸಸ್ಯಗಳ ವೈಜ್ಞಾನಿಕ ಹೆಸರು ರೋಮನ್ ಲಿಪಿಯಲ್ಲಿ ಬರಬೇಕು. ಒಂದೊಂದು ಹೆಸರಿಗೂ ಮೌಸ್ ಹಿಡಿದು, ಪರದೆಯ ಕೆಳಮೂಲೆಗೆ ಹೋಗಿ, ಭಾಷೆ ಬದಲಿಸಿ, ಮತ್ತೆ ಕನ್ನಡಕ್ಕೆ ಬರುತ್ತಿದ್ದರು. ಎಡಗೈಯ ಕಿರುಬೆರಳ ಪಕ್ಕದಲ್ಲೇ ಕ್ಯಾಪ್ಸ್ ಲಾಕ್ ಸುಮ್ಮನೆ ಕುಳಿತಿದೆ. ಕನ್ನಡದಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಎಂಬ ಭೇದವೇ ಇಲ್ಲ, ಇಂಗ್ಲಿಷಿನ ಒಂದೆರಡು ದೊಡ್ಡಕ್ಷರಕ್ಕೆ ಶಿಫ್ಟ್ ಸಾಕು. ಆ ಕೀಲಿಯನ್ನೇ ಭಾಷೆ ಬದಲಿಸುವ ಕೀಲಿ ಮಾಡಿದೆ: ಒಮ್ಮೆ ಒತ್ತಿದರೆ ಕಗಪ ಎಂಬ ಕನ್ನಡ ಕೀಲಿಮಣೆ ವಿನ್ಯಾಸ, ಮತ್ತೊಮ್ಮೆ ಒತ್ತಿದರೆ ಇಂಗ್ಲಿಷ್. ಕೀಲಿಮಣೆಯ ಸೆಟ್ಟಿಂಗ್‌ನಲ್ಲೇ ಈ ಆಯ್ಕೆ ಇದೆ, ಬೇರೆ ತಂತ್ರಾಂಶ ಬೇಕಿಲ್ಲ. ಕ್ಯಾಪ್ಸ್ ಲಾಕ್‌ನ ಪುಟ್ಟ ದೀಪಕ್ಕೂ ಕೆಲಸ ಕೊಡಬಹುದು. ದೀಪ ಉರಿಯುತ್ತಿದ್ದರೆ ಕನ್ನಡ ಎಂದು ಅವರಿಗೆ ತೋರಿಸಿಕೊಟ್ಟಾಗ ಬೇಕೆಂದೇ ಹತ್ತಾರು ಸಲ ಒತ್ತಿ ನೋಡಿದರು. ಮೊದಮೊದಲು ಬೆರಳು ತಡವರಿಸಿತು. ಈಗ ಅದೇ 14 ಅಂಗುಲದ ಪರದೆಯಲ್ಲಿ ಎರಡನೆಯ ಪುಸ್ತಕ ನಡೆದಿದೆ, ಮಾನಿಟರಿನ ಮಾತು ಎತ್ತಿಲ್ಲ.

ವಿವರಕ್ಕೆ ಬಹಳ ಹೊತ್ತು ತೆಗೆದುಕೊಂಡೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ವಿಂಡೋಸ್ ಬಳಸುವವರೇ, 2015ರಲ್ಲಿ ಬಂದ ವಿಂಡೋಸ್ 10ರಿಂದ ಈಚೆಗೆ ನಿಮಗೂ ಈ ಅನುಕೂಲವಿದೆ. ವಿಂಡೋಸ್ ಕೀಲಿ, ಕಂಟ್ರೋಲ್ ಮತ್ತು ಡಿ ಒಟ್ಟಿಗೆ ಒತ್ತಿದರೆ ಹೊಸ ಡೆಸ್ಕ್‌ಟಾಪ್, ಡಿ ಬದಲು ಎಡ ಅಥವಾ ಬಲ ಬಾಣ ಒತ್ತಿದರೆ ಪಕ್ಕದ ಡೆಸ್ಕ್‌ಟಾಪ್. ಯಾವ ವ್ಯವಸ್ಥೆಯಾದರೂ ಸರಿ, ಪ್ರತಿ ಕೆಲಸಕ್ಕೂ ಒಂದು ಪರದೆ ಇರಲಿ.

ದುಡ್ಡು ಖರ್ಚು ಮಾಡಲೇಬೇಕೆಂದಿದ್ದರೆ ಲ್ಯಾಪ್‌ಟಾಪನ್ನು ಎತ್ತರದಲ್ಲಿಡುವ ಒಂದು ಸ್ಟ್ಯಾಂಡ್ ಮತ್ತು ಪ್ರತ್ಯೇಕ ಕೀಲಿಮಣೆ ಕೊಳ್ಳಿ. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕಿರಲಿ, ಮೊಣಕೈ ಮೇಜಿನ ಎತ್ತರಕ್ಕಿರಲಿ. ಕತ್ತು ನಿಮ್ಮದು, ದಯವಿಟ್ಟು ಮುಂದೂಡಬೇಡಿ.

ಲಿನಕ್ಸ್ ಬಳಸುವವರಿಗೆ ಕೊನೆಯದಾಗಿ ಒಂದು ಮಾತು. ಇಷ್ಟೆಲ್ಲ ಹೊಂದಿಸಿದ ಮೇಲೆ ನಿಮ್ಮ ಹೋಮ್ ಫೋಲ್ಡರಿನಲ್ಲಿ ಚುಕ್ಕಿಯಿಂದ ಶುರುವಾಗುವ ‘.ಕಾನ್ಫಿಗ್’ ಎಂಬ ಅಡಗಿದ ಫೋಲ್ಡರ್ ಇರುತ್ತದೆ. ನಿಮ್ಮ ಕೀಲಿಗಳು, ನಿಮ್ಮ ನಿಯಮಗಳು ಬಹುಪಾಲು ಅದರೊಳಗಿವೆ. ಇಂದೇ ಅದರ ಒಂದು ಪ್ರತಿಯನ್ನು ಪೆನ್‌ಡ್ರೈವಿಗೆ ಹಾಕಿಡಿ. ನಾಳೆ ಹೊಸ ಲ್ಯಾಪ್‌ಟಾಪ್ ಬಂದಾಗ ಮೊದಲು ಅದನ್ನು ಒಳಗೆ ಹಾಕಿ, ವಾಲ್‌ಪೇಪರ್ ಆಮೇಲೆ. ನಮಸ್ಕಾರ.